ನಾವು ಕಟ್ಟುವ ತೆರಿಗೆ ಫುಟ್‌ಪಾತ್‌ವರೆಗೆ ಬರುವುದು ಹೇಗೆ?

ಪ್ರಶ್ನೆ: ರಾಜಾಜಿನಗರದಲ್ಲಿ ನಮ್ಮದೊಂದು ಸ್ವಂತ ಮನೆಯಿದೆ. ಶೇ 5ರ ರಿಯಾಯಿತಿ ತಪ್ಪಬಾರದೆಂದು ಪ್ರತಿ ವರ್ಷ ಏಪ್ರಿಲ್‌ನಲ್ಲೇ ಆಸ್ತಿ ತೆರಿಗೆ ಕಟ್ಟಿಬಿಡುತ್ತೇವೆ. ಆದರೆ ನಮ್ಮ ತಾಯಿ ಮೆಟ್ರೊ ನಿಲ್ದಾಣಕ್ಕೆ ನಡೆದು ಹೋಗಬೇಕೆಂದರೆ ಅರ್ಧ ದಾರಿ ವಾಹನಗಳ ನಡುವೆಯೇ ನಡೆಯಬೇಕು. ಫುಟ್‌ಪಾತ್‌ನಲ್ಲಿ ಚಪ್ಪಡಿಗಳು ಎದ್ದಿವೆ, ಒಂದು ಕಡೆ ಟ್ರಾನ್ಸ್‌ಫಾರ್ಮರ್ ಇದೆ, ಇನ್ನೊಂದು ಕಡೆ ಕಾರು ನಿಂತಿರುತ್ತದೆ. ಎಂಟನೇ ತರಗತಿಯ ಮಗ ಸೈಕಲ್‌ನಲ್ಲಿ ಶಾಲೆಗೆ ಹೋಗುತ್ತೇನೆ ಎನ್ನುತ್ತಾನೆ, ಕಳಿಸಲು ಧೈರ್ಯ ಬರುತ್ತಿಲ್ಲ. ಅಮೆರಿಕದ ಕೆಲವು ನಗರಗಳಲ್ಲಿ ರಸ್ತೆ, ಸೈಕಲ್ ಪಥ, ಪಾದಚಾರಿ ಮಾರ್ಗಕ್ಕೆಂದೇ ಜನ ಮತ ಹಾಕಿ ಸ್ಥಳೀಯ ತೆರಿಗೆ ಕೊಡುತ್ತಾರಂತೆ. ನಮ್ಮಲ್ಲಿ ಯಾಕಿಲ್ಲ? ಅಂಥದ್ದು ಬಂದರೆ ಕಟ್ಟಲು ನಾವು ತಯಾರಿದ್ದೇವೆ.

ಉತ್ತರ: ಕಟ್ಟಲು ತಯಾರಿದ್ದೇವೆ ಎಂದು ನೀವು ಬರೆದಿರುವುದೇ ದೊಡ್ಡದು. ಅದಕ್ಕೇ ಸ್ವಲ್ಪ ವಿಸ್ತಾರವಾಗಿ ಉತ್ತರಿಸುತ್ತೇನೆ. ಬೆಂಗಳೂರಿನಲ್ಲಿ ಫುಟ್‌ಪಾತ್‌ಗೆ, ಸೈಕಲ್ ಪಥಕ್ಕೆ ಎಂದು ಬೇರೆಯಾಗಿ ವಸೂಲಿ ಮಾಡುವ ತೆರಿಗೆ ಇಲ್ಲ. ಪಾಲಿಕೆ ತಾನಾಗಿಯೇ ಅಂಥ ತೆರಿಗೆ ಹಾಕಲೂ ಬರುವುದಿಲ್ಲ. ಯಾವ ತೆರಿಗೆ, ಯಾವ ಉಪಕರ, ಎಷ್ಟರವರೆಗೆ ಎಂಬುದೆಲ್ಲ ವಿಧಾನಸಭೆ ಮಾಡಿದ ಕಾಯ್ದೆಯಲ್ಲಿ ಬರೆದಿರುತ್ತದೆ. ಪಟ್ಟಿಯಲ್ಲಿ ಇಲ್ಲದ್ದನ್ನು ಸೇರಿಸಬೇಕಾದರೆ ಕಾಯ್ದೆಗೇ ತಿದ್ದುಪಡಿ ಆಗಬೇಕು. ಆದರೂ ನನ್ನ ಅನಿಸಿಕೆಯಲ್ಲಿ ಹೊಸ ತೆರಿಗೆಯ ಮಾತು ಎರಡನೆಯದು. ಈಗ ಕಟ್ಟುತ್ತಿರುವ ಹಣದಲ್ಲಿ ಇಂತಿಷ್ಟು ಪಾಲು ನಡೆಯುವವರದು, ಸೈಕಲ್ ತುಳಿಯುವವರದು ಎಂದು ಬಜೆಟ್‌ನಲ್ಲಿ ಬರೆದಿಡುವ ಕೆಲಸವೇ ಆಗಿಲ್ಲ. ಅದು ಮೊದಲು ಆಗಬೇಕು.

ನಿಮ್ಮ ತೆರಿಗೆ ರಸೀದಿಯನ್ನೇ ಕೈಗೆತ್ತಿಕೊಳ್ಳಿ. ಬೆಂಗಳೂರಿನಲ್ಲಿ 2008ರಿಂದ ಯೂನಿಟ್ ಏರಿಯಾ ವ್ಯಾಲ್ಯೂ ಪದ್ಧತಿ ಇದೆ. ನಿಮ್ಮ ರಸ್ತೆ ಯಾವ ವಲಯದಲ್ಲಿದೆ, ಕಟ್ಟಡ ಎಷ್ಟು ಚದರಡಿ, ನೀವೇ ಇದ್ದೀರೋ ಬಾಡಿಗೆಗೆ ಕೊಟ್ಟಿದ್ದೀರೋ ಎಂಬುದರ ಮೇಲೆ ತೆರಿಗೆ ನಿಗದಿಯಾಗುತ್ತದೆ. ಅದರ ಮೇಲೆ ಉಪಕರಗಳು ಬೀಳುತ್ತವೆ. ಮೂಲ ತೆರಿಗೆ 10,000 ರೂಪಾಯಿ ಎಂದಿಟ್ಟುಕೊಂಡರೆ ಆರೋಗ್ಯ ಉಪಕರ ಶೇ 15, ಅಂದರೆ 1,500. ಗ್ರಂಥಾಲಯ ಉಪಕರ ಶೇ 6, ಅಂದರೆ 600. ಭಿಕ್ಷಾಟನೆ ನಿರ್ಮೂಲನೆಗೆಂದು ಶೇ 3, ಅಂದರೆ 300. 2025ರ ಏಪ್ರಿಲ್‌ನಿಂದ ಕಸ ವಿಲೇವಾರಿಯ ಬಳಕೆದಾರರ ಶುಲ್ಕವೂ ಇದರ ಜೊತೆಗೆ ಸೇರಿದೆ. ಪುಸ್ತಕಕ್ಕೆ ಒಂದು ಸಾಲಿದೆ, ಕಸಕ್ಕೆ ಒಂದು ಸಾಲಿದೆ, ನಡೆಯುವ ದಾರಿಗೆ ಮಾತ್ರ ಸಾಲಿಲ್ಲ. ನಗರ ಸಾರಿಗೆಯ ಹೆಸರಿನಲ್ಲಿ ಆಸ್ತಿ ತೆರಿಗೆಯ ಮೇಲೆ ಶೇ 2ರ ಉಪಕರ ಹಾಕಲು ರಾಜ್ಯದ ಕಾನೂನಿನಲ್ಲಿ ಅವಕಾಶವಿದೆ, ನಿಜ. ಆದರೆ ಅದು ಒಟ್ಟಾರೆ ನಗರ ಸಾರಿಗೆಯ ನಿಧಿಗೆ ಮೀಸಲಾದದ್ದು. ಬಸ್ಸಿನ ಕೆಲಸವೂ ಅದರಲ್ಲೇ, ಯೋಜನಾ ವರದಿಯೂ ಅದರಲ್ಲೇ. ನಿಮ್ಮ ಮನೆಯೆದುರಿನ ಚಪ್ಪಡಿಗೆ ಅದರಿಂದ ಹಣ ಬರುತ್ತದೆಂದು ಕಾಯುವಂತಿಲ್ಲ.

ಉಳಿದ ಮೂಲ ತೆರಿಗೆಯೆಲ್ಲ ಸಾಮಾನ್ಯ ನಿಧಿಗೆ ಬೀಳುತ್ತದೆ. 2024-25ರಲ್ಲಿ ಆಗಿನ ನಗರ ಪಾಲಿಕೆಯಾಗಿದ್ದ ಬಿಬಿಎಂಪಿ ಸಂಗ್ರಹಿಸಿದ ಆಸ್ತಿ ತೆರಿಗೆ ಸುಮಾರು 4,900 ಕೋಟಿ ರೂಪಾಯಿ. ಸಂಬಳ, ಪಿಂಚಣಿ, ಬೀದಿದೀಪದ ವಿದ್ಯುತ್ ಬಿಲ್, ಸಾಲದ ಕಂತು, ಗುತ್ತಿಗೆದಾರರ ಹಳೆಯ ಬಾಕಿ ಇವೆಲ್ಲ ಕಳೆದ ಮೇಲೆ ಉಳಿದದ್ದು ಕಾಮಗಾರಿಗೆ. ಆ ಕಾಮಗಾರಿಯಲ್ಲೂ ಮೊದಲ ಸರದಿ ಡಾಂಬರಿನದು, ಯಾಕೆಂದರೆ ಗುಂಡಿಯ ಫೋಟೊ ಪತ್ರಿಕೆಯಲ್ಲಿ ಬರುತ್ತದೆ, ಹೈಕೋರ್ಟ್ ಕೇಳುತ್ತದೆ. ಫುಟ್‌ಪಾತ್ ಮೇಲೆ ಎಡವಿ ಬಿದ್ದ ಹಿರಿಯರ ಸುದ್ದಿ ಮನೆಯೊಳಗೇ ಉಳಿದುಬಿಡುತ್ತದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಫುಟ್‌ಪಾತ್ ಬಿಟ್ಟುಕೊಡಿ ಎಂದಾಗಲೆಲ್ಲ ಕೇಳಿಬರುವ ಉತ್ತರ, ‘ನಾವು ರೋಡ್ ಟ್ಯಾಕ್ಸ್ ಕಟ್ಟಿದ್ದೇವೆ’ ಎಂಬುದು. ಕಾರಿಗೆ, ಸ್ಕೂಟರಿಗೆ ಕಟ್ಟುವ ಮೋಟಾರು ವಾಹನ ತೆರಿಗೆ 1957ರ ರಾಜ್ಯ ಕಾಯ್ದೆಯಡಿ ಸಾರಿಗೆ ಇಲಾಖೆಯ ಮೂಲಕ ರಾಜ್ಯದ ಖಜಾನೆ ಸೇರುತ್ತದೆ. ಪೆಟ್ರೋಲಿನ ಮೇಲಿನ ತೆರಿಗೆ ರಾಜ್ಯಕ್ಕೂ ಕೇಂದ್ರಕ್ಕೂ ಹೋಗುತ್ತದೆ. ನಿಮ್ಮ ಬಡಾವಣೆಯ ಅಡ್ಡರಸ್ತೆಯನ್ನು ನೋಡಿಕೊಳ್ಳಬೇಕಾದ ಪಾಲಿಕೆಯ ಸ್ವಂತ ದುಡಿಮೆ ಮುಖ್ಯವಾಗಿ ಆಸ್ತಿ ತೆರಿಗೆ. ಅದನ್ನು ಕಾರಿಲ್ಲದ ಮನೆಯವರೂ ಕಟ್ಟುತ್ತಾರೆ. ಬಾಡಿಗೆ ಮನೆಯವರು ಬಾಡಿಗೆಯ ಒಳಗೆ ಕಟ್ಟುತ್ತಾರೆ. ಹೂವು ಮಾರುವಾಕೆ ಒಂದು ಕೋಣೆಯ ಬಾಡಿಗೆಯಲ್ಲಿ ಕಟ್ಟುತ್ತಾಳೆ. ಹಾಗಾಗಿ ಬಡಾವಣೆಯ ರಸ್ತೆಗೆ ಹಣ ಕೊಡುವವರಲ್ಲಿ ನಡೆಯುವವರೇ ಹೆಚ್ಚು, ಆ ಹಣ ಖರ್ಚಾಗುವುದು ಮಾತ್ರ ಓಡಿಸುವವರಿಗಾಗಿ. ಬೆಂಗಳೂರಿನಲ್ಲಿ ರಸ್ತೆ ಅಪಘಾತದಲ್ಲಿ ಸಾಯುವವರಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು ಪಾದಚಾರಿ. ಈ ಎರಡನ್ನೂ ಒಟ್ಟಿಗೆ ನೋಡಿದರೆ ನನಗೆ ಸುಮ್ಮನಿರಲಾಗುವುದಿಲ್ಲ.

ಹಾಗಾದರೆ ನಗರದಲ್ಲಿ ಅಲ್ಲಲ್ಲಿ ಕಾಣುವ ಒಳ್ಳೆಯ ಫುಟ್‌ಪಾತ್‌ಗಳಿಗೆ ಹಣ ಎಲ್ಲಿಂದ ಬಂತು? ವಿಠಲ್ ಮಲ್ಯ ರಸ್ತೆ, ರೆಸಿಡೆನ್ಸಿ ರಸ್ತೆ, ಕನಿಂಗ್‌ಹ್ಯಾಂ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆಗಳನ್ನು ಟೆಂಡರ್‌ಶ್ಯೂರ್ ಮಾದರಿಯಲ್ಲಿ ಮಾಡಿದ್ದು ರಾಜ್ಯ ಸರ್ಕಾರದ ವಿಶೇಷ ಅನುದಾನದಿಂದ. ನೀರಿನ ಕೊಳವೆ, ಒಳಚರಂಡಿ, ವಿದ್ಯುತ್ ಕೇಬಲ್, ಟೆಲಿಫೋನ್ ತಂತಿ ಎಲ್ಲವನ್ನೂ ಫುಟ್‌ಪಾತ್ ಕೆಳಗಿನ ಪೈಪುಗಳಲ್ಲಿ ಜೋಡಿಸಿ, ಮತ್ತೆ ಅಗೆಯದೆ ಚೇಂಬರ್ ತೆರೆದು ದುರಸ್ತಿ ಮಾಡುವಂತೆ ಮಾಡಿದ ರಸ್ತೆಗಳವು. ಹತ್ತು ವರ್ಷವಾದರೂ ಬಹುಪಾಲು ಗಟ್ಟಿಯಾಗಿವೆ. ಆದರೆ ಕಿಲೋಮೀಟರಿಗೆ ಹತ್ತು ಕೋಟಿಯ ಆಸುಪಾಸು ಖರ್ಚಾಗುವ ಮಾದರಿ ಇದು. ಆಮೇಲೆ 2017ರಲ್ಲಿ ಬೆಂಗಳೂರು ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿತು. ಕೇಂದ್ರದ 500 ಕೋಟಿ, ರಾಜ್ಯದ 500 ಕೋಟಿ. ಅದರಲ್ಲಿ ಕಮರ್ಷಿಯಲ್ ಸ್ಟ್ರೀಟ್, ರಾಜಭವನ ರಸ್ತೆ, ಇನ್‌ಫೆಂಟ್ರಿ ರಸ್ತೆಗಳಿಗೆ ಕೆಲಸ ನಡೆಯಿತು. ಆ ಯೋಜನೆಯೂ 2025ರ ಮಾರ್ಚ್‌ಗೆ ಮುಗಿಯಿತು.

ಇವೆಲ್ಲ ಬಂದು ಹೋಗುವ ಹಣ. ಸರ್ಕಾರ ಬದಲಾದರೆ, ಯೋಜನೆಯ ಹೆಸರು ಬದಲಾದರೆ ನಿಂತುಹೋಗುತ್ತದೆ. ಹೋದ ಕಡೆಯಾದರೂ ಎಲ್ಲಿ? ನಗರದ ನಡುವಿನ ನಾಲ್ಕಾರು ರಸ್ತೆಗಳಿಗೆ. ಬೆಂಗಳೂರಿನ ರಸ್ತೆಗಳ ಒಟ್ಟು ಉದ್ದ ಸುಮಾರು 12,900 ಕಿ.ಮೀ. ಅದರಲ್ಲಿ ಮುಖ್ಯ ಮತ್ತು ಉಪಮುಖ್ಯ ರಸ್ತೆಗಳು 1,345 ಕಿ.ಮೀ. ಮಾತ್ರ. ಉಳಿದ ಹನ್ನೊಂದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ವಾರ್ಡ್ ರಸ್ತೆಗಳು, ನಿಮ್ಮ ತಾಯಿ ಮನೆಯಿಂದ ಹೊರಗೆ ಕಾಲಿಡುವ ರಸ್ತೆಯೂ ಸೇರಿದಂತೆ. ಅವುಗಳಿಗೆ ಸಿಗುವುದು ವಾರ್ಡ್ ಅನುದಾನದ ಚೂರು. ಮುಖ್ಯರಸ್ತೆ ದಾಟಲು ಅಲ್ಲಲ್ಲಿ ಕಟ್ಟಿರುವ ಸ್ಕೈವಾಕ್‌ಗಳ ಕಥೆಯೂ ಸ್ವಲ್ಪ ಹೀಗೆಯೇ. ಅವುಗಳಲ್ಲಿ ಹಲವನ್ನು ಜಾಹೀರಾತಿನ ಹಕ್ಕು ಪಡೆದ ಖಾಸಗಿಯವರು ಕಟ್ಟಿದರು. ಜಾಹೀರಾತಿಗೆ ಬೆಲೆಯಿರುವ ಜಾಗದಲ್ಲಿ ಸ್ಕೈವಾಕ್ ಬಂತು, ಮುದುಕರು ಮಕ್ಕಳು ನಿಜವಾಗಿ ರಸ್ತೆ ದಾಟುವ ಜಾಗದಲ್ಲಿ ಬರಲಿಲ್ಲ.

ಇನ್ನು ವಾರ್ಡ್ ರಸ್ತೆಯ ಫುಟ್‌ಪಾತ್ ಯಾಕೆ ಯಾವಾಗಲೂ ಎದ್ದುಬಿದ್ದು ಇರುತ್ತದೆ ಎಂಬುದಕ್ಕೆ ಬರುತ್ತೇನೆ. ಹಣದ ವಿಷಯ ಇಲ್ಲೇ ಚೆನ್ನಾಗಿ ತಿಳಿಯುತ್ತದೆ. ನಮ್ಮ ಹಳೆಯ ಬಡಾವಣೆಗಳಲ್ಲಿ ಫುಟ್‌ಪಾತ್ ಎಂದು ನಾವು ಕರೆಯುವುದು ಬಹುತೇಕ ಮಳೆನೀರಿನ ಮೋರಿಯ ಮೇಲೆ ಹಾಸಿದ ಚಪ್ಪಡಿಗಳನ್ನು. ಅದರ ಖರ್ಚು ಚರಂಡಿ ಕಾಮಗಾರಿಯ ಲೆಕ್ಕದಲ್ಲಿ ಬರುತ್ತದೆ. ಹೂಳು ತೆಗೆಯುವ ಗುತ್ತಿಗೆದಾರನಿಗೆ ಹೂಳಿನ ಲೆಕ್ಕದಲ್ಲಿ ಬಿಲ್ ಆಗುತ್ತದೆ, ಚಪ್ಪಡಿಯನ್ನು ಮೊದಲಿನಂತೆ ಸಮವಾಗಿ ಕೂರಿಸಿದ್ದಕ್ಕೆ ಆಗುವುದಿಲ್ಲ. ಮಳೆಗಾಲದ ಮುಂಚೆ ಎತ್ತಿದ ಚಪ್ಪಡಿ ದೀಪಾವಳಿಗೂ ಓರೆಯಾಗಿಯೇ ಇರುತ್ತದೆ. ಜಲಮಂಡಳಿ ಅಗೆಯುತ್ತದೆ, ಬೆಸ್ಕಾಂ ಅಗೆಯುತ್ತದೆ, ಕೇಬಲ್ ಕಂಪನಿಯವರು ಅಗೆಯುತ್ತಾರೆ. ಅಗೆಯುವ ಮುಂಚೆ ಪಾಲಿಕೆಗೆ ಶುಲ್ಕ ಕಟ್ಟಿಯೇ ಅಗೆಯಬೇಕು. ಆ ಹಣವೂ ಅದೇ ಸಾಮಾನ್ಯ ನಿಧಿಯಲ್ಲಿ ಕರಗಿದರೆ ಅಗೆದ ರಸ್ತೆಗೆ ಹಿಂತಿರುಗುವ ಖಾತರಿ ಇಲ್ಲ. ಹೊಸದಾಗಿ ಮಾಡಲು ಟೆಂಡರ್ ಸಿಗುತ್ತದೆ, ಇದ್ದದ್ದನ್ನು ನೋಡಿಕೊಳ್ಳಲು ಕೂಲಿಯಾಳೂ ಸಿಗುವುದಿಲ್ಲ. ನನ್ನನ್ನು ಕೇಳಿದರೆ ಬೆಂಗಳೂರಿನ ಫುಟ್‌ಪಾತ್‌ನ ರೋಗ ನಿರ್ವಹಣೆಯ ಹಣ ಇಲ್ಲದಿರುವುದು. ಒಂದು ವಾರ್ಡ್‌ಗೆ ಇಬ್ಬರು ಕಲ್ಲುಗಾರರು, ಒಂದು ಸಣ್ಣ ಲಾರಿ, ವರ್ಷವಿಡೀ ಕೆಲಸ, ಇಷ್ಟಿದ್ದರೆ ದೊಡ್ಡ ಯೋಜನೆಗಿಂತ ಹೆಚ್ಚು ಜನರ ಕಾಲು ಉಳಿಯುತ್ತದೆ.

ಸೈಕಲ್ ಪಥಗಳಿಗೂ ಇದೇ ಗತಿ ಆಯಿತು. ಜಯನಗರದಲ್ಲಿ ಹತ್ತು-ಹನ್ನೆರಡು ವರ್ಷದ ಹಿಂದೆ ರಸ್ತೆಯ ಅಂಚಿಗೆ ಪಥ ಗುರುತು ಮಾಡಿದರು, ಕಾರು ನಿಲ್ಲಿಸುವ ಜಾಗವಾಯಿತು. 2020ರಲ್ಲಿ ನಗರ ಭೂ ಸಾರಿಗೆ ನಿರ್ದೇಶನಾಲಯದ ಮುಂದಾಳತ್ವದಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್ ಕಡೆಯಿಂದ ಬೊಲಾರ್ಡ್ ಎಂಬ ಗಿಡ್ಡ ಕಂಬಗಳನ್ನು ನೆಟ್ಟು ಪಥ ಮಾಡಿದರು. ಕೊರೊನಾ ಕಾಲದಲ್ಲಿ ಒಳ್ಳೆಯ ಆರಂಭ ಅದು. ಬೊಲಾರ್ಡ್‌ಗಳು ಮುರಿದಾಗ ಬದಲಿಸಲು, ಬೈಕ್ ನುಗ್ಗಿದಾಗ ತಡೆಯಲು ಯಾರ ಬಜೆಟ್‌ನಲ್ಲೂ ಸಾಲಿರಲಿಲ್ಲ. ಮೆಟ್ರೊ ಕಾಮಗಾರಿ ಬಂದ ಮೇಲೆ ಉಳಿದದ್ದೂ ಹೋಯಿತು. ಸೈಕಲ್ ತುಳಿಯುವವರೇ ಇಲ್ಲ, ಪಥ ಯಾಕೆ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ. ಮಗನನ್ನು ಕಳಿಸಲು ಧೈರ್ಯವಿಲ್ಲ ಎಂದು ನೀವು ಬರೆದಿದ್ದೀರಿ. ಸೈಕಲ್ ಕಾಣದಿರುವುದಕ್ಕೆ ಕಾರಣ ಅದೇ.

ನೀವು ಕೇಳಿದ ಅಮೆರಿಕದ ವಿಷಯಕ್ಕೆ ಸಿಯಾಟಲ್ ನಗರ ಒಳ್ಳೆಯ ಉದಾಹರಣೆ. 2015ರಲ್ಲಿ ಅಲ್ಲಿನ ಮತದಾರರು ಒಂಬತ್ತು ವರ್ಷಗಳಿಗೆ 93 ಕೋಟಿ ಡಾಲರ್‌ನ ಹೆಚ್ಚುವರಿ ಆಸ್ತಿ ತೆರಿಗೆಗೆ ಒಪ್ಪಿಗೆ ಕೊಟ್ಟರು. ರಸ್ತೆ, ಸೇತುವೆ, ಪಾದಚಾರಿ ಮಾರ್ಗ, ಸೈಕಲ್ ಪಥ, ಶಾಲೆಯ ದಾರಿಗಳ ಸುರಕ್ಷತೆ ಎಲ್ಲ ಅದರಲ್ಲಿ ಸೇರಿದ್ದವು. ಅವಧಿ ಮುಗಿದಾಗ, 2024ರ ನವೆಂಬರ್‌ನಲ್ಲಿ, ಎಂಟು ವರ್ಷಕ್ಕೆ 155 ಕೋಟಿ ಡಾಲರ್‌ನ ಇನ್ನೊಂದು ತೆರಿಗೆಗೂ ಒಪ್ಪಿದರು. ಅಲ್ಲಿ ಗಮನಿಸಬೇಕಾದ್ದು ಮೊತ್ತಕ್ಕಿಂತ ಅದರ ಕಟ್ಟಳೆ. ತೆರಿಗೆಗೆ ಕೊನೆಯ ದಿನಾಂಕವಿದೆ. ಯಾವ ಕೆಲಸಕ್ಕೆ ಎಷ್ಟು ಎಂದು ಮತ ಹಾಕುವ ಮುಂಚೆಯೇ ಬರೆದಿರುತ್ತದೆ. ಖರ್ಚನ್ನು ನೋಡಲು ನಾಗರಿಕರ ಸಮಿತಿಯಿದೆ. ಕೆಲಸ ಆಗದಿದ್ದರೆ ಮುಂದಿನ ಬಾರಿ ಜನ ಇಲ್ಲ ಎನ್ನಬಹುದು.

ನಮ್ಮಲ್ಲಿ ತೆರಿಗೆಗೆ ಜನಮತ ಕೇಳುವ ಪದ್ಧತಿ ಕಾನೂನಿನಲ್ಲಿಲ್ಲ. ಆ ಜಾಗದಲ್ಲಿ ಇರಬೇಕಾದವರು ನಾವು ಆರಿಸಿದ ಪಾಲಿಕೆ ಸದಸ್ಯರು. ಹಿಂದಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿಯಿತು. ಆಮೇಲಿನ ಐದು ಬಿಬಿಎಂಪಿ ಬಜೆಟ್‌ಗಳನ್ನು ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳೇ ಮಾಡಿದರು. 2025-26ರ ಬಜೆಟ್ ಗಾತ್ರ 19,900 ಕೋಟಿ ದಾಟಿತು. ಅಷ್ಟು ದೊಡ್ಡ ಮೊತ್ತದ ಬಗ್ಗೆ ವಾರ್ಡ್‌ನ ಪರವಾಗಿ ಎದ್ದುನಿಂತು ಕೇಳಲು ಒಬ್ಬ ಸದಸ್ಯನೂ ಇರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದವು. ನಿಮ್ಮ ರಾಜಾಜಿನಗರ ಪಶ್ಚಿಮ ಪಾಲಿಕೆಗೆ ಸೇರಿದೆ. ಪಾಲಿಕೆ ಚಿಕ್ಕದಾದಷ್ಟೂ ನಿಮ್ಮ ತೆರಿಗೆ ಎಲ್ಲಿ ಹೋಯಿತೆಂದು ಹಿಡಿದು ಕೇಳುವುದು ಸುಲಭವಾಗಬೇಕು. ಹಾಗೆ ಆಗಬೇಕೆಂದರೆ ಕೇಳುವವರು ಬೇಕು.

ಹತ್ತಿರದ ಉದಾಹರಣೆಯೂ ಒಂದಿದೆ. ಚೆನ್ನೈ ಪಾಲಿಕೆ 2014ರಲ್ಲಿ ಮೋಟಾರುರಹಿತ ಸಾರಿಗೆ ನೀತಿಯೊಂದನ್ನು ಒಪ್ಪಿಕೊಂಡಿತು. ಸಾರಿಗೆಗೆ ಇಡುವ ಹಣದಲ್ಲಿ ಕನಿಷ್ಠ ಶೇ 60ನ್ನು ನಡಿಗೆ ಮತ್ತು ಸೈಕಲ್‌ಗೆ ಕೊಡಬೇಕೆಂದು ಅದರಲ್ಲಿ ಬರೆದರು. ಹೊಸ ತೆರಿಗೆ ಹಾಕಲಿಲ್ಲ, ಇದ್ದ ಹಣದಲ್ಲೇ ಪಾಲು ಹೇಳಿದರು. ನಾನು ಬೆಂಗಳೂರಿಗೂ ಇದನ್ನೇ ಬಯಸುತ್ತೇನೆ.

ಒಂದು ಲೆಕ್ಕ ಹಾಕೋಣ. 2024-25ರ ಆಸ್ತಿ ತೆರಿಗೆಯ ಶೇ 5 ಎಂದರೆ 245 ಕೋಟಿ. ಈಗಿನ 369 ವಾರ್ಡ್‌ಗಳಿಗೆ ಸಮನಾಗಿ ಹಂಚಿದರೆ ವಾರ್ಡ್‌ಗೆ ವರ್ಷಕ್ಕೆ ಸುಮಾರು 66 ಲಕ್ಷ ರೂಪಾಯಿ. ಟೆಂಡರ್‌ಶ್ಯೂರ್ ರಸ್ತೆಗೆ ಇದು ಏನೇನೂ ಸಾಲದು. ಆದರೆ ಚಪ್ಪಡಿ ಸರಿಪಡಿಸಲು, ಫುಟ್‌ಪಾತ್ ಅಂಚಿನ ಕರ್ಬ್ ಕಲ್ಲಿನ ಎತ್ತರ ಇಳಿಸಲು, ಶಾಲೆಯೆದುರು ರಸ್ತೆಯನ್ನೇ ಫುಟ್‌ಪಾತ್ ಮಟ್ಟಕ್ಕೆ ಏರಿಸಿ ದಾಟುದಾರಿ ಮಾಡಲು, ಮೆಟ್ರೊ ನಿಲ್ದಾಣದ ಸುತ್ತ ಒಂದು ದಾರಿಯನ್ನಾದರೂ ತಡೆಯಿಲ್ಲದಂತೆ ಜೋಡಿಸಲು ಚೆನ್ನಾಗಿ ಸಾಕು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೆ ಅಂದಾಜು ಮಾಡಿರುವುದು 17,000 ಕೋಟಿಗೂ ಹೆಚ್ಚು. ಅಷ್ಟು ಹಣದಲ್ಲಿ ಈ 245 ಕೋಟಿಯ ನಿಧಿಯನ್ನು ಸುಮಾರು ಎಪ್ಪತ್ತು ವರ್ಷ ನಡೆಸಬಹುದು. ಇನ್ನೊಂದು ಮೂಲವೂ ಇದೆ. ರಾಜ್ಯ ಸರ್ಕಾರ 2021ರಲ್ಲಿ ಬೆಂಗಳೂರಿಗೆ ಪಾರ್ಕಿಂಗ್ ನೀತಿಗೆ ಒಪ್ಪಿಗೆ ಕೊಟ್ಟಿತು. ರಸ್ತೆಯಂಚಿನಲ್ಲಿ ಕಾರು ನಿಲ್ಲಿಸುವುದಕ್ಕೆ ವಸೂಲಾಗುವ ಹಣ ಅದೇ ರಸ್ತೆಯ ಫುಟ್‌ಪಾತ್‌ಗೆ ಹೋಗಬೇಕೆಂದು ಕಡ್ಡಾಯ ಮಾಡಿದರೆ ಅಂಗಡಿಯವರೂ ವಿರೋಧಿಸುವುದಿಲ್ಲ ಎಂಬುದು ನನ್ನ ನಂಬಿಕೆ. ತಮ್ಮ ಬಾಗಿಲಿಗೆ ಗಿರಾಕಿ ನಡೆದು ಬರುವುದು ಅವರಿಗೂ ಬೇಕಲ್ಲ.

ಇಷ್ಟೆಲ್ಲ ಆದಮೇಲೂ ಹಣ ಸಾಲದಿದ್ದರೆ ಪಾದಚಾರಿ-ಸೈಕಲ್ ಉಪಕರ ಬರಲಿ, ನಾನೂ ಸಂತೋಷದಿಂದ ಕಟ್ಟುತ್ತೇನೆ. ಆದರೆ ಬೇರೆ ಬ್ಯಾಂಕ್ ಖಾತೆಯಿರಬೇಕು, ಐದು ವರ್ಷಕ್ಕೆ ಮುಗಿಯುವಂತಿರಬೇಕು, ಯಾವ ರಸ್ತೆಗೆ ಎಷ್ಟು ಖರ್ಚಾಯಿತೆಂದು ವಾರ್ಡ್ ಸಮಿತಿಯ ಮುಂದೆ ಇಡಬೇಕು, ಅರ್ಧದಷ್ಟಾದರೂ ನಿರ್ವಹಣೆಗೇ ಮೀಸಲಿರಬೇಕು. ಚಿಕ್ಕ ಮನೆಗಳಿಗೆ ವಿನಾಯಿತಿಯನ್ನೂ ಕೇಳುತ್ತೇನೆ. ಇವಿಲ್ಲದೆ ಬಂದರೆ ನಿಮ್ಮ ರಸೀದಿಯಲ್ಲಿ ಇನ್ನೊಂದು ಸಾಲು ಸೇರುತ್ತದೆ ಅಷ್ಟೆ.

ಈಗ ನೀವೇನು ಮಾಡಬಹುದು ಎಂಬುದಕ್ಕೆ ಬರುತ್ತೇನೆ. ಮನೆಯಿಂದ ನಿಲ್ದಾಣದವರೆಗಿನ ದಾರಿಯನ್ನು ಒಂದೊಂದು ತಡೆಗೂ ಫೋಟೊ ತೆಗೆದು ಗುರುತು ಹಾಕಿಕೊಳ್ಳಿ. ಕಿತ್ತ ಚಪ್ಪಡಿ, ತೆರೆದ ಮೋರಿಯಂಥವನ್ನು 1533 ಸಹಾಯವಾಣಿಗೆ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಳ್ಳಿ. ನಂತರ ವಾರ್ಡ್ ಎಂಜಿನಿಯರ್ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಅರ್ಜಿ ಒಂದೇ ವಿಷಯದ್ದಾಗಿದ್ದು 150 ಪದದೊಳಗೆ ಇರಬೇಕು. ಆ ರಸ್ತೆಯಲ್ಲಿ ಕಳೆದ ಐದು ವರ್ಷ ಫುಟ್‌ಪಾತ್ ಮತ್ತು ಚರಂಡಿಗೆ ಆದ ಕಾಮಗಾರಿಗಳ ಜಾಬ್ ನಂಬರ್, ಮೊತ್ತ, ಗುತ್ತಿಗೆದಾರರ ದೋಷ ಹೊಣೆಗಾರಿಕೆ ಅವಧಿ (ಕೆಲಸ ಕೆಟ್ಟರೆ ಅವರೇ ಸರಿಪಡಿಸಿಕೊಡಬೇಕಾದ ಅವಧಿ) ಇವಿಷ್ಟನ್ನು ಕೇಳಿ. ಆ ಅವಧಿ ಮುಗಿದಿಲ್ಲದಿದ್ದರೆ ಸರಿಪಡಿಸುವ ಖರ್ಚು ಗುತ್ತಿಗೆದಾರನದೇ, ಪಾಲಿಕೆಯಲ್ಲಿ ಹಣವಿಲ್ಲ ಎಂಬ ಮಾತು ಅಲ್ಲಿ ನಿಲ್ಲುವುದಿಲ್ಲ. ರಸ್ತೆ ಅಗೆಯಲು ಕೊಟ್ಟ ಅನುಮತಿ, ವಸೂಲಾದ ಶುಲ್ಕ ಇವನ್ನು ಇನ್ನೊಂದು ಅರ್ಜಿಯಲ್ಲಿ ಕೇಳಿ.

ಟ್ರಾನ್ಸ್‌ಫಾರ್ಮರ್ ಬೆಸ್ಕಾಂಗೆ ಸೇರಿದ್ದು. ಅದನ್ನು ಸ್ಥಳಾಂತರಿಸುವುದು ದುಬಾರಿ, ನಿಧಾನ. ಅದರ ಪಕ್ಕದಲ್ಲಿ ರಸ್ತೆಯಿಂದ ಒಂದಿಷ್ಟು ಜಾಗ ತೆಗೆದುಕೊಂಡು ಫುಟ್‌ಪಾತನ್ನು ಸುತ್ತು ಹಾಕಿಸಿ ಎಂದು ಕೇಳುವುದು ಬೇಗ ಆಗುವ ಕೆಲಸ. ಅಳತೆಯ ಮಾತು ಬಂದರೆ, ರಸ್ತೆಗಳ ಮಾನದಂಡ ಹೇಳುವ ಸಂಸ್ಥೆಯಾದ ಭಾರತೀಯ ರಸ್ತೆ ಕಾಂಗ್ರೆಸ್‌ನ (ಐಆರ್‌ಸಿ) 103ನೇ ಮಾರ್ಗಸೂಚಿಯನ್ನು ಹೆಸರಿಸಿ. ಫುಟ್‌ಪಾತ್‌ನಲ್ಲಿ ಅಡೆತಡೆಯಿಲ್ಲದೆ ನಡೆಯಲು ಕನಿಷ್ಠ 1.8 ಮೀಟರ್ ಅಗಲ ಬೇಕು, ಕರ್ಬ್ ಎತ್ತರ 150 ಮಿಲಿಮೀಟರ್ ಮೀರಬಾರದು ಎನ್ನುತ್ತದೆ ಅದು. ರಸ್ತೆ, ಫುಟ್‌ಪಾತ್ ಸುಸ್ಥಿತಿಯಲ್ಲಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ನಮ್ಮ ಹೈಕೋರ್ಟ್ 2019ರಲ್ಲಿ ಹೇಳಿದೆ. ಪಾದಚಾರಿಗಳಿಗೆ ಫುಟ್‌ಪಾತ್ ಬಳಸುವ ಹಕ್ಕೂ ಅದೇ ವಿಧಿಯಡಿ ಬರುತ್ತದೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿತು. ಅರ್ಜಿಯಲ್ಲಿ ಈ ಎರಡನ್ನೂ ಒಂದು ಸಾಲಿನಲ್ಲಿ ಬರೆಯಿರಿ.

ಮಗನ ಸೈಕಲ್ ವಿಚಾರದಲ್ಲಿ ಮುಖ್ಯರಸ್ತೆಯ ಪಥಕ್ಕಾಗಿ ಕಾಯಬೇಡಿ. ಡಾ. ರಾಜ್‌ಕುಮಾರ್ ರಸ್ತೆಯನ್ನೋ ಕಾರ್ಡ್ ರೋಡನ್ನೋ ಆದಷ್ಟು ತಪ್ಪಿಸಿ, ಅಡ್ಡರಸ್ತೆಗಳಲ್ಲೇ ಶಾಲೆ ತಲುಪುವ ಒಂದು ದಾರಿ ಹುಡುಕಿ. ಅದರಲ್ಲಿ ಮಗು ನಿಜವಾಗಿ ಅಪಾಯಕ್ಕೆ ಸಿಗುವ ತಿರುವುಗಳು ಎರಡೋ ಮೂರೋ ಇರುತ್ತವೆ. ಅಲ್ಲಿ ಏರಿಸಿದ ದಾಟುದಾರಿ, ವೇಗ ತಗ್ಗಿಸುವ ಉಬ್ಬು ಬೇಕೆಂದು ಶಾಲೆಯವರ ಪತ್ರದೊಂದಿಗೆ ಪಾಲಿಕೆಗೂ ಸಂಚಾರ ಪೊಲೀಸ್ ಠಾಣೆಗೂ ಕೊಡಿ. ಒಂದೇ ಶಾಲೆಯ ಇಪ್ಪತ್ತು ಮನೆಯವರು ಸಹಿ ಹಾಕಿದ ಪತ್ರಕ್ಕೆ ಸಿಗುವ ಗೌರವ ಒಬ್ಬರ ದೂರಿಗೆ ಸಿಗುವುದಿಲ್ಲ.

ಹಣ ಕೇಳುವುದಕ್ಕೂ ಕಾಲವಿದೆ. ಪಾಲಿಕೆಯ ಬಜೆಟ್ ಮಾರ್ಚ್ ಹೊತ್ತಿಗೆ ಬರುತ್ತದೆ, ಕಾಮಗಾರಿಗಳ ಪಟ್ಟಿ ಅದಕ್ಕೂ ಮುಂಚೆಯೇ ಸಿದ್ಧವಾಗಿರುತ್ತದೆ. ‘ನನ್ನ ನಗರ ನನ್ನ ಬಜೆಟ್’ ಅಭಿಯಾನದಲ್ಲಿ 2015ರಿಂದ ಜನರ ಬೇಡಿಕೆಗಳನ್ನು ಕಲೆಹಾಕುತ್ತಿದ್ದಾರೆ. ಕೆಲವು ವರ್ಷಗಳ ಹಿಂದೆ ವಾರ್ಡ್ ಸಮಿತಿಗಳು ತೀರ್ಮಾನಿಸಲೆಂದು ವಾರ್ಡ್‌ಗೆ 60 ಲಕ್ಷ ಇಟ್ಟಾಗ ಅದರಲ್ಲಿ 20 ಲಕ್ಷ ಫುಟ್‌ಪಾತ್‌ಗೇ ಇತ್ತು. ಕೇಳಿದ್ದಕ್ಕೆ ಬಂದ ಹಣ ಅದು. ನವೆಂಬರ್‌ನಿಂದ ಜನವರಿಯೊಳಗೆ ನಿಮ್ಮ ಪತ್ರ ಪಶ್ಚಿಮ ಪಾಲಿಕೆಯ ಆಯುಕ್ತರ ಕಚೇರಿಯಲ್ಲೂ ವಾರ್ಡ್ ಕಚೇರಿಯಲ್ಲೂ ಇರಲಿ. ಅದರಲ್ಲಿ ಎರಡೇ ಬೇಡಿಕೆ ಸಾಕು. ಮನೆಯಿಂದ ನಿಲ್ದಾಣದವರೆಗಿನ ದಾರಿಯ ದುರಸ್ತಿ ಒಂದು. ಆಸ್ತಿ ತೆರಿಗೆಯ ಇಂತಿಷ್ಟು ಪಾಲನ್ನು ‘ಫುಟ್‌ಪಾತ್ ಮತ್ತು ಸೈಕಲ್ ಪಥ ನಿರ್ವಹಣೆ’ ಎಂಬ ಬೇರೆಯೇ ಲೆಕ್ಕಶೀರ್ಷಿಕೆಯಲ್ಲಿ ತೋರಿಸಬೇಕೆಂಬುದು ಇನ್ನೊಂದು. ಪತ್ರಕ್ಕೆ ನಿಮ್ಮ ಆ ವರ್ಷದ ತೆರಿಗೆ ರಸೀದಿಯ ಪ್ರತಿಯನ್ನೂ ಲಗತ್ತಿಸಿ, ಎರಡೂ ಕಡೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.